ಏಳು ಜನರನ್ನು ವ್ಯಾನಿನಲ್ಲಿ ಬಚ್ಚಿಟ್ಟ ಮೆರವಣಿಗೆ

ಕಾಲೇಜು ಆಡಳಿತ ಮಂಡಳಿಯ ಮಾನ್ಯ ಕಾರ್ಯದರ್ಶಿಗಳೇ,

ನುಡಿಸಬಲ್ಲ ಏಳು ಜನರನ್ನು ನೀವು ಒಂದು ವ್ಯಾನಿನೊಳಗೆ ಕೂರಿಸಿ ಬಾಗಿಲು ಹಾಕಿಸಿದಿರಿ. ನುಡಿಸಲು ಬಾರದ ಏಳು ಜನರಿಗೆ ಬ್ಯಾಂಡಿನ ಸಮವಸ್ತ್ರ ತೊಡಿಸಿ, ಉಗ್ರಾಣದ ಮುರುಕು ವಾದ್ಯಗಳಿಗೆ ಬಣ್ಣ ಬಳಿದು ಅವರ ಕೈಗೆ ಕೊಟ್ಟು, ಬೀದಿಯಲ್ಲಿ ನಡೆಸಿದಿರಿ. ಮೆರವಣಿಗೆ ಕೆಟ್ಟಿತು. ಕೆಟ್ಟದ್ದಕ್ಕೆ ವ್ಯಾನಿನೊಳಗಿದ್ದ ಒಬ್ಬಳನ್ನು ಹೊಣೆ ಮಾಡಿ ನೋಟಿಸು ಹಚ್ಚಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆಯನ್ನು ಪುಸ್ತಕದಲ್ಲಿ ಓದಿದ್ದೆ. ಲೆಟರ್‌ಹೆಡ್ಡಿನ ಮೇಲೆ, ಮುದ್ರೆ ಸಮೇತ ಓದಿದ್ದು ಇದೇ ಮೊದಲು.

ಈ ವಿಷಯವಾಗಿ ನಿಮ್ಮ ಕಚೇರಿಗೆ ಎರಡು ಮನವಿ ಕೊಟ್ಟಿದ್ದೇನೆ. ಎರಡರ ಮೇಲೂ ಕಿಟಕಿಯ ಗುಮಾಸ್ತರು 'ಸ್ವೀಕರಿಸಲಾಗಿದೆ' ಎಂದು ಠಸ್ಸೆ ಒತ್ತಿದರು. ಎರಡನೆಯ ಸಲ, "ಇದನ್ನ ಅವರು ಓದ್ತಾರಾ ಸಾರ್?" ಎಂದು ಕೇಳಿದೆ. "ಓದೋ ಕಿಟಕಿ ಇದಲ್ಲಪ್ಪ," ಎಂದರು. ಅದು ಯಾವ ಕಿಟಕಿ ಎಂದು ಅವರಿಗೂ ಗೊತ್ತಿರಲಿಲ್ಲ. ಹಾಗಾಗಿ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಎಲ್ಲರೂ ಎಂದರೆ ಅದರೊಳಗೆ ನೀವೂ ಒಬ್ಬರು ಇರುತ್ತೀರಿ ಎಂಬ ನಂಬಿಕೆಯಿಂದ.

ನಮ್ಮ ಬ್ಯಾಂಡಿನಲ್ಲಿ ಹದಿನೆಂಟು ಜನ. ನಾನು ಎರಡನೇ ಸಾಲಿನಲ್ಲಿ ಕ್ಲಾರಿನೆಟ್ ಊದುತ್ತೇನೆ. ದೊಡ್ಡ ಡ್ರಮ್ಮು ಬಾರಿಸುವವಳು ಕೊನೆಯ ವರ್ಷದ ವಿದ್ಯಾರ್ಥಿನಿ. ನಮಗೆಲ್ಲ ಅವಳು ಗುಡುಗಕ್ಕ. ಈ ಹೆಸರಿಟ್ಟವರು ನಾವಲ್ಲ, ಅವಳೇ ಇಟ್ಟುಕೊಂಡಳು. ಮೊದಲ ದಿನ ಅಭ್ಯಾಸಕ್ಕೆ ಬಂದಾಗ ಯಾರೋ ಅವಳ ಮೈಗಾತ್ರ ನೋಡಿ ಕಿಸಕ್ಕೆಂದಿದ್ದರು. ಅವಳು ಡ್ರಮ್ಮಿಗೆ ಒಂದು ಏಟು ಹಾಕಿ, "ನಕ್ಕವರು ಯಾರಪ್ಪಾ? ಗುಡುಗು ಬಂತು, ಇನ್ನು ಛತ್ರಿ ಹುಡುಕ್ಕೊಳ್ಳಿ," ಎಂದಳು. ಅವತ್ತಿನಿಂದ ಯಾರೂ ನಗಲಿಲ್ಲ. ನಕ್ಕರೆ ಅವಳ ಜೊತೆ ನಕ್ಕೆವು. ನಮ್ಮಲ್ಲಿ ಇರುವುದು ಒಂದೇ ನಿಯಮ. ಅವಳ ಏಟು ಬಿದ್ದಲ್ಲಿ ನಮ್ಮ ಎಡಗಾಲು ಬೀಳಬೇಕು. ಡ್ರಮ್ಮು ಸಾಲಿನ ಹಿಂದೆ ಇರುತ್ತದೆ, ಸದ್ದು ಬೆನ್ನಿಗೆ ಬಂದು ತಟ್ಟುತ್ತದೆ. ಮುಂದೆ ಗುಂಡಿ ಇರಲಿ, ನಾಯಿ ಅಡ್ಡ ಬರಲಿ, ಗಣ್ಯರ ಕಾರು ನುಗ್ಗಲಿ, ಬೆನ್ನಿಗೆ ಆ ಸದ್ದು ತಟ್ಟುತ್ತಿದ್ದರೆ ಕಾಲು ತಾನಾಗಿ ಏಳುತ್ತದೆ. ನಿಮ್ಮ ಭಾಷಣಗಳಲ್ಲಿ ಬರುವ 'ಸಂಸ್ಥಾಭಿಮಾನ' ಎಂಬ ಪದಕ್ಕೆ ನನಗೆ ತಿಳಿದಿರುವ ಅರ್ಥ ಇಷ್ಟೇ: ಹದಿನೇಳು ಜನ ಒಬ್ಬಳ ಕೈಯನ್ನು ನಂಬಿ ಕಾಲೆತ್ತುವುದು.

ಈಗ ಕೋಟಿನ ವಿಷಯ. ನಮ್ಮ ಹಳೆಯ ಕೋಟುಗಳು ದಟ್ಟ ಕೆಂಪಿನವು, ಹಿತ್ತಾಳೆ ಗುಂಡಿಯವು. ಮಾಸಿದ್ದವು, ಒಪ್ಪುತ್ತೇನೆ. ಬಗಲಲ್ಲಿ ಬೆವರಿನ ಬಿಳಿ ಗೆರೆ ಕೂತಿತ್ತು, ಅದನ್ನೂ ಒಪ್ಪುತ್ತೇನೆ. ಆದರೆ ಆ ಕೋಟುಗಳ ಒಳಗನ್ನು ನೀವು ಯಾವತ್ತೂ ನೋಡಿಲ್ಲ, ನಾನು ನೋಡಿದ್ದೇನೆ. ನನ್ನ ತಾಯಿ ದರ್ಜಿ. ಕಾಲೇಜಿನ ಹಿಂದಿನ ಓಣಿಯಲ್ಲಿ ಒಂದೇ ಕಿಟಕಿಯ ಅಂಗಡಿ. ಹತ್ತೊಂಬತ್ತು ವರ್ಷಗಳಿಂದ, ತರಗತಿ ಶುರುವಾದ ಮೊದಲ ವಾರ, ಹದಿನೆಂಟು ಕೋಟುಗಳೂ ಅವಳ ಮೇಜಿನ ಮೇಲೆ ಬರುತ್ತಿದ್ದವು. ಪ್ರತಿ ಕೋಟಿನ ಎರಡೂ ಪಕ್ಕದ ಹೊಲಿಗೆಯ ಒಳಗೆ ಎರಡೆರಡು ಬೆರಳು ಹೆಚ್ಚಿನ ಬಟ್ಟೆ ಮಡಚಿ ಬಿಟ್ಟಿರುತ್ತದೆ. ಹೊಸದಾಗಿ ಬ್ಯಾಂಡಿಗೆ ಸೇರಿದವರು ದಪ್ಪ ಇದ್ದರೆ ಅಮ್ಮ ಬಿಚ್ಚಿ ಸಡಿಲ ಮಾಡುತ್ತಾಳೆ, ತೆಳ್ಳಗಿದ್ದರೆ ಒಳಗೆ ಹಿಡಿದು ಹೊಲಿಯುತ್ತಾಳೆ. ಒಂದೇ ಕೋಟಿನೊಳಗೆ ಐದಾರು ಜನರ ಹಳೆಯ ಹೊಲಿಗೆಯ ತೂತುಗಳು ಸಾಲಾಗಿ ಕಾಣುತ್ತವೆ. ಮೊದಲ ಸಲ ಆ ಕೋಟುಗಳನ್ನು ಹೊಲಿದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಆದರೆ ಮುಂದೆ ಬರುವವರು ಯಾವ ಅಳತೆಯವರೋ ತನಗೆ ಗೊತ್ತಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆಡಳಿತ ಮಂಡಳಿಯಲ್ಲಿ ಅಂಥವರು ಒಬ್ಬರಿದ್ದಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಎಪ್ಪತ್ತೈದನೇ ವರ್ಷದ ಮೆರವಣಿಗೆ ಎಂದು ನೀವು ಪ್ರಚಾರ ಸಲಹೆಗಾರರೊಬ್ಬರನ್ನು ನೇಮಿಸಿದಿರಿ. ಅವರು ಬಂದ ದಿನವೇ ಸಭಾಂಗಣದಲ್ಲಿ, "ಬ್ಯಾಂಡ್ ಅಂದ್ರೆ ಕಾಲೇಜಿನ ಮುಖ. ಮುಖಾನ ಮೊದ್ಲು ತೊಳೀಬೇಕು," ಎಂದು ಅಪ್ಪಣೆ ಕೊಡಿಸಿದರು. ಎರಡು ವಾರದಲ್ಲಿ ಹೊಸ ಸಮವಸ್ತ್ರ ಪೆಟ್ಟಿಗೆಗಳಲ್ಲಿ ಬಂತು. ಬಿಳಿ ಬಟ್ಟೆ, ಬೆಳ್ಳಿ ಬಣ್ಣದ ಪಟ್ಟೆ, ಭುಜದ ಮೇಲೆ ಜೂಲು. ಅಳತೆ ಮೂರೇ: ಸಣ್ಣದು, ನಡುವಿನದು, ದೊಡ್ಡದು. ಯಾರ ಮೈಗೂ ಟೇಪು ಹಿಡಿದಿರಲಿಲ್ಲ. ಇರುವ ಮೈಗೆ ಬಟ್ಟೆ ಹೊಲಿಸುವುದು ಬಡವರ ಪದ್ಧತಿ; ಬಟ್ಟೆಗೆ ತಕ್ಕ ಮೈ ಹುಡುಕುವುದು ವರ್ಚಸ್ಸು ಇರುವವರ ಪದ್ಧತಿ ಎಂದು ಆಮೇಲೆ ತಿಳಿಯಿತು.

ಗುಡುಗಕ್ಕ 'ದೊಡ್ಡದು' ಎಂಬುದನ್ನು ತೆಗೆದುಕೊಂಡು ನಮ್ಮ ಅಂಗಡಿಗೆ ಬಂದಳು. ಗುಂಡಿಗೂ ಕಾಜಕ್ಕೂ ನಡುವೆ ಒಂದು ಗೇಣು. ಅಮ್ಮ ಕೋಟನ್ನು ಒಳಹೊರಗು ಮಾಡಿ, ಹೊಲಿಗೆಯ ಗುಂಟ ಬೆರಳಾಡಿಸಿ, ಕನ್ನಡಕ ತೆಗೆದಿಟ್ಟಳು.

"ಇದ್ರಲ್ಲಿ ಬಿಚ್ಚೋಕೆ ಏನೂ ಇಲ್ಲಮ್ಮಾ. ಅಂಚಿಗೇ ಹೊಲಿಗೆ ಹೊಡ್ದಿದಾರೆ. ಒಂದು ನೂಲೂ ಬಿಟ್ಟಿಲ್ಲ."

"ಹಾಗಾದ್ರೆ ನನ್ನನ್ನೇ ಬಿಚ್ಚಿ ಸ್ವಲ್ಪ ಒಳಗೆ ಹಿಡಿದು ಹೊಲಿದುಬಿಡಿ ಅತ್ತೆ," ಎಂದಳು ಗುಡುಗಕ್ಕ.

"ಬಾಯಿ ಮುಚ್ಚೇ. ಡ್ರಮ್ ಹೊಡಿಯೋ ಹುಡುಗಿ ಹಿಡಿಯಷ್ಟಿದ್ರೆ ಆಗುತ್ತಾ? ಕೈ ಎತ್ತು, ಎತ್ತು. ಉಸಿರು ಎಳ್ಕೋಬೇಡ, ನಂಗೆ ಮೋಸ ಮಾಡ್ಬೇಡ."

ಅಮ್ಮ ಹೊಂದುವ ಬಿಳಿ ಬಟ್ಟೆಗಾಗಿ ನಾಲ್ಕು ಅಂಗಡಿ ಅಲೆದಳು. ಅದೇ ಬಿಳಿ ಎಲ್ಲೂ ಸಿಗಲಿಲ್ಲ. ಬಿಳಿಯಲ್ಲೂ ಎಷ್ಟು ಬಿಳಿಗಳಿವೆ ಎಂದು ನಾನು ಕಲಿತದ್ದು ಆಗ. ಕೊನೆಗೆ ಹತ್ತಿರದ್ದೊಂದನ್ನು ತಂದು, ಕೋಟಿನ ಎರಡೂ ಪಕ್ಕ ಸೀಳಿ, ಅಂಗೈ ಅಗಲದ ಪಟ್ಟಿ ಕೂರಿಸಿ ಹೊಲಿದಳು. ಗುಡುಗಕ್ಕ ತೊಟ್ಟು, ಅಂಗಡಿಯ ನಿಲುವುಗನ್ನಡಿಯ ಮುಂದೆ ನಿಂತು, ಎರಡೂ ಕೈ ಬೀಸಿ ಇಲ್ಲದ ಡ್ರಮ್ಮನ್ನು ಬಾರಿಸಿದಳು. ಎಲ್ಲೂ ಹಿಡಿಯಲಿಲ್ಲ. ಅವಳು ಅಷ್ಟು ಹೊತ್ತು ಕನ್ನಡಿ ನೋಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಮೇಲೂ ಕಾಣಲಿಲ್ಲ.

ಮರುದಿನ ನಿಮ್ಮ ಸಲಹೆಗಾರರು ಮೈದಾನದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ನಮ್ಮನ್ನು ಅವರು ಕಣ್ಣಿನಿಂದ ನೋಡಲೇ ಇಲ್ಲ, ಫೋನಿನಿಂದ ನೋಡಿದರು. "ಆ ಪಟ್ಟಿ ಫೋಟೋದಲ್ಲಿ ಎದ್ದು ಕಾಣುತ್ತೆ," ಎಂದರು. ಗುಡುಗಕ್ಕನ ಭುಜ ತಟ್ಟಿ ಪಕ್ಕಕ್ಕೆ ನಿಲ್ಲಿಸಿದರು. ಕುಂಟುತ್ತಾ ನಡೆಯುವ ಟ್ರಾಂಬೋನಿನವನ ಭುಜ ತಟ್ಟಿದರು. ಸಾಲಿನಿಂದ ಒಂದು ತಲೆ ಮೇಲಿದ್ದ ಕಾರ್ನೆಟ್ಟಿನವಳನ್ನು ತಟ್ಟಲು ಭುಜ ಎಟಕದೆ ಮೊಣಕೈ ತಟ್ಟಿದರು. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿಕೊಂಡು ಸಂಜೆ ತರಗತಿಗೆ ಬರುವ, ನರೆತ ಮೀಸೆಯ 'ಚೆಕಿಂಗ್ ಮಾವ'ನನ್ನೂ ಬಿಡಲಿಲ್ಲ. ಹೀಗೆ ಏಳು ಜನ. ಸಂಜೆಗೆ ನಿಮ್ಮ ಸುತ್ತೋಲೆ ಬಂತು: ಹನ್ನೊಂದು ಹಳಬರು, ಏಳು ಹೊಸಬರು 'ದೃಶ್ಯ ವಿಭಾಗ', ಉಳಿದ ಏಳು ಹಳಬರು 'ಧ್ವನಿ ವಿಭಾಗ'. ಧ್ವನಿ ವಿಭಾಗವು ಮುಚ್ಚಿದ ವಾಹನದಿಂದ, ಧ್ವನಿವರ್ಧಕದ ಮೂಲಕ ಸೇವೆ ಸಲ್ಲಿಸತಕ್ಕದ್ದು. ಎಂಥ ನಾಜೂಕಾದ ಭಾಷೆ ಸ್ವಾಮಿ ನಿಮ್ಮದು! ಬಚ್ಚಿಡುವುದಕ್ಕೂ ಒಂದು ವಿಭಾಗ!

ಇಲ್ಲಿಯವರೆಗೆ ನಾನು ನಿಮ್ಮ ಬಗ್ಗೆ ಬರೆದೆ. ಇನ್ನು ನನ್ನ ಬಗ್ಗೆ ಬರೆಯಬೇಕು. ಇಲ್ಲದಿದ್ದರೆ ಈ ಪತ್ರವೂ ನಿಮ್ಮ ಸುತ್ತೋಲೆಯಷ್ಟೇ ಸುಳ್ಳಾದೀತು. ನಾನು ಕಿರುಹೊತ್ತಿಗೆಗಳನ್ನು ಓದಿ ಬೆಳೆದವನು. ಬಸ್ ನಿಲ್ದಾಣದ ಹೊರಗೆ ಹಂಚುವ, ಒರಟು ಕಾಗದದ, ಹದಿನಾರು ಪುಟದ ಪುಸ್ತಿಕೆಗಳು. ಸಮಾನತೆ, ಘನತೆ, ಸಂಘಟನೆ ಎಲ್ಲ ನನಗೆ ಬಾಯಿಪಾಠ. ಅಭ್ಯಾಸದ ಬಿಡುವಿನಲ್ಲಿ ಉಳಿದವರಿಗೆ ಓದಿ ಹೇಳುತ್ತಿದ್ದೆ. ಗುಡುಗಕ್ಕ ನೀರಿನ ಬಾಟಲಿ ಮುಂದೆ ಹಿಡಿದು, "ಕುಡಿಯಪ್ಪಾ ನಾಯಕಾ, ಗಂಟಲು ಒಣಗಿದ್ರೆ ಕ್ರಾಂತಿ ನಿಂತೋಗುತ್ತೆ," ಎನ್ನುತ್ತಿದ್ದಳು. ಅಂಥ ನಾಯಕನಿಗೆ ನಿಮ್ಮ 'ನಡುವಿನದು' ಅಳತೆ ಕರಾರುವಾಕ್ಕಾಗಿ ಸರಿಹೊಂದಿತು. ಹನ್ನೊಂದು ಜನರಲ್ಲಿ ನಾನೂ ಒಬ್ಬ.

ಮೆರವಣಿಗೆಯ ಬೆಳಿಗ್ಗೆ, ಬಿಳಿ ಕೋಟು ತೊಟ್ಟು, ವ್ಯಾನಿನ ಬಾಗಿಲ ಬಳಿ ಹೋಗಿ ನಿಂತೆ. ಒಳಗೆ ಬೆಂಚಿನ ಮೇಲೆ ಏಳು ಜನ ಮೊಣಕಾಲಿಗೆ ಮೊಣಕಾಲು ತಗಲಿಸಿಕೊಂಡು ಕೂತಿದ್ದರು. ಕಿಟಕಿಗಳಿಗೆ ಕಾಲೇಜಿನ ಚಿತ್ರ ಅಂಟಿಸಿದ್ದರಿಂದ ಹೊರಗಿನದೇನೂ ಅವರಿಗೆ ಕಾಣುತ್ತಿರಲಿಲ್ಲ. ಚೆಕಿಂಗ್ ಮಾವ, "ಮೂವತ್ತು ವರ್ಷದಿಂದ ಬಸ್ಸಲ್ಲಿ ನಿಂತ್ಕೊಂಡೇ ಬಂದೋನು. ಇವತ್ತು ಕೂರೋಕೆ ಜಾಗ ಕೊಟ್ಟಿದಾರೆ, ಟಿಕೆಟ್ ಮಾತ್ರ ಕೇಳ್ಬೇಡಿ," ಎಂದು ನಗಿಸಲು ನೋಡಿದರು.

"ಅಕ್ಕಾ, ನಾನೂ ಒಳಗೆ ಬರ್ತೀನಿ," ಎಂದೆ. ಎಂದೆ ಅಷ್ಟೆ, ಕಾಲು ಎತ್ತಲಿಲ್ಲ.

"ಬಂದು ಎಲ್ಲಿ ಕೂತ್ಕೋತೀಯೋ, ನನ್ನ ತೊಡೆ ಮೇಲಾ? ಹೋಗು. ಕಾಲು ತಪ್ಪಬೇಡ."

"ನಿನ್ನ ಸದ್ದು ಅಲ್ಲಿಗೆ ಕೇಳುತ್ತಾ?"

"ನನ್ನ ಸದ್ದು ಕೇಳ್ದಿರೋ ಬೀದಿ ಇದೆಯೇನೋ?"

ಬಾಗಿಲು ಹಾಕಿದರು. ನಾನು ನನ್ನ ಸಾಲಿಗೆ ಹೋಗಿ ನಿಂತೆ.

ಆಮೇಲೆ ಏನಾಯಿತು ಎಂಬುದನ್ನು ಬೀದಿಯ ಎರಡೂ ಬದಿಯಲ್ಲಿದ್ದವರು ಕಂಡಿದ್ದಾರೆ. ಏಕಾಯಿತು ಎಂಬುದನ್ನು ನಾನು ಹೇಳುತ್ತೇನೆ. ಯಾವಾಗಲೂ ಹಿಂದೆ ಇರಬೇಕಾದ ಡ್ರಮ್ಮನ್ನು ನೀವು ಫೋಟೋಕ್ಕೆಂದು ಎಲ್ಲರಿಗಿಂತ ಮುಂದೆ ಇಟ್ಟಿರಿ. ಅದನ್ನು ಹೊತ್ತ ಹುಡುಗ ನೋಡಲು ಚೆನ್ನಾಗಿದ್ದ. ಚರ್ಮಕ್ಕೆ ಅಂಟಿಸಿದ ಕಾಲೇಜಿನ ಲಾಂಛನ ಕಿತ್ತುಹೋಗದಂತೆ ಕೋಲನ್ನು ತಾಕಿಸದೆ ಆಡಿಸು ಎಂದು ಅವನಿಗೆ ಅಪ್ಪಣೆಯಾಗಿತ್ತು. ಪಾಪ, ಅವನದೇನೂ ತಪ್ಪಿಲ್ಲ. ಅವನು ಸಲಹೆಗಾರರ ಕೈಸನ್ನೆ ನೋಡಿ ಕೋಲು ಬೀಸುತ್ತಿದ್ದ. ಬಾರಿಸುವ ಡ್ರಮ್ಮೋ, ಮೆರವಣಿಗೆಯ ಬಾಲದಲ್ಲಿ, ವ್ಯಾನಿನಲ್ಲಿ. ಬಾರಿಸದ ಡ್ರಮ್ಮು ಮುಂದೆ, ಬಾರಿಸುವ ಡ್ರಮ್ಮು ಕಣ್ಣಿಗೆ ಬೀಳದಷ್ಟು ಹಿಂದೆ: ನಮ್ಮ ಸಂಸ್ಥೆಯ ಚಿತ್ರವನ್ನು ಇದಕ್ಕಿಂತ ಚೆನ್ನಾಗಿ ಯಾವ ಕಲಾವಿದ ಬಿಡಿಸಿಯಾನು?

ಹೊರಟಾಗ ವ್ಯಾನು ನಮ್ಮಿಂದ ಇಪ್ಪತ್ತು ಹೆಜ್ಜೆ ಹಿಂದಿತ್ತು, ಎಲ್ಲ ಸರಿಯಿತ್ತು. ಆಮೇಲೆ ಅಲಂಕರಿಸಿದ ವಾಹನಗಳು ಒಂದೊಂದಾಗಿ ನಡುವೆ ನುಸುಳಿದವು. ನೂರು ಹೆಜ್ಜೆ ಆಯಿತು, ಇನ್ನೂರು ಆಯಿತು. ಸದ್ದಿಗೂ ನಡೆದು ಬರಲು ಹೊತ್ತು ಬೇಕು ಮಾನ್ಯರೇ. ನಿಮ್ಮ ಕೋಣೆಯಿಂದ ಎರಡು ಅಂತಸ್ತು ಕೆಳಗೆ ಭೌತಶಾಸ್ತ್ರದ ಪ್ರಯೋಗಾಲಯವಿದೆ, ಒಮ್ಮೆ ಇಳಿದು ಕೇಳಿ. ಅವಳು ಹೊಡೆದ ಏಟು ನಮ್ಮನ್ನು ಮುಟ್ಟುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಹೆಜ್ಜೆ ತಡವಾಗುತ್ತಿತ್ತು. ಮೊದಲ ಸಾಲಿನವರು ಕಣ್ಣನ್ನು ನಂಬಿ ಬೀಸುವ ಕೋಲಿಗೆ ಕಾಲು ಹಾಕಿದರು. ಹಿಂದಿನ ಸಾಲಿನ ನಾವು ಕಿವಿಯನ್ನು ನಂಬಿದೆವು. ಮೂರು ಬೀದಿ ಕೂಡುವ ತಿರುವಿನಲ್ಲಿ ಕೋಲು ನಿಂತದ್ದು ಕಂಡು ಅವರು ನಿಂತರು, ಏಟು ಕೇಳುತ್ತಲೇ ಇದ್ದುದರಿಂದ ನಾವು ನಡೆದೆವು. ನನ್ನ ಕ್ಲಾರಿನೆಟ್ ಮುಂದಿನವನ ಬೆನ್ನಿಗೆ ಬಡಿಯಿತು. ಸಿಂಬಲ್ಲಿನ ಹಿತ್ತಾಳೆ ತಟ್ಟೆಯೊಂದು ಕೈ ಜಾರಿ, ಬೀದಿಯಲ್ಲಿ ಉರುಳುತ್ತಾ ಹೋಗಿ, ಗಣ್ಯರ ವೇದಿಕೆಯ ಮೆಟ್ಟಿಲ ಬಳಿ ಸುತ್ತಿ ಸುತ್ತಿ ಮಲಗಿತು. ನಾವೆಲ್ಲ ಊದುವುದನ್ನು ನಿಲ್ಲಿಸಿದೆವು. ಜನ ನಕ್ಕರು. ಆ ನಗುವಿನ ನಡುವೆ, ಎಷ್ಟೋ ದೂರದಿಂದ, ಅವಳ ಏಟು ಮಾತ್ರ ಒಂದೇ ಸಮನೆ ಬರುತ್ತಿತ್ತು. ನಾವು ನಿಂತಿದ್ದೇವೆ ಎಂದು ಅವಳಿಗೆ ಗೊತ್ತಿರಲಿಲ್ಲ. ಮುಚ್ಚಿದ ವ್ಯಾನಿನಲ್ಲಿ, ನಾವು ನಡೆಯುತ್ತಿದ್ದೇವೆ ಎಂದು ನಂಬಿ, ನಮಗಾಗಿ ಬಾರಿಸುತ್ತಲೇ ಇದ್ದಳು. ಪಕ್ಕದಲ್ಲೇ ಕೂತಿದ್ದ ಚೆಕಿಂಗ್ ಮಾವ ಗಡಿಯಾರ ನೋಡುತ್ತಿದ್ದರಂತೆ. "ನಿಮಿಷಕ್ಕೆ ನೂರಾಹತ್ತು ಹೆಜ್ಜೆ ಲೆಕ್ಕ. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಎಲ್ಲಿ ಬೇಕಾದ್ರೂ ಹೇಳ್ತೀನಿ," ಎನ್ನುತ್ತಾರೆ. ಅವರನ್ನು ನೀವು ಕೇಳಲಿಲ್ಲ.

ಮೂರನೇ ದಿನ ನಿಮ್ಮ ನೋಟಿಸು ಬಂತು. 'ದೊಡ್ಡ ಡ್ರಮ್ಮಿನ ವಾದಕಿಯು ಲಯ ತಪ್ಪಿದ್ದರಿಂದ ಸಂಸ್ಥೆಯ ಸಾರ್ವಜನಿಕ ವರ್ಚಸ್ಸಿಗೆ ಧಕ್ಕೆಯಾಗಿದೆ. ಸದರಿಯವರು ಬರುವ ಶುಕ್ರವಾರದೊಳಗೆ ಲಿಖಿತ ಕ್ಷಮೆ ಯಾಚಿಸತಕ್ಕದ್ದು. ತಪ್ಪಿದಲ್ಲಿ ನಡತೆ ಪ್ರಮಾಣಪತ್ರದಲ್ಲಿ ತೃಪ್ತಿಕರವಲ್ಲ ಎಂದು ನಮೂದಿಸಲಾಗುವುದು.' ಕುಣಿಯಲು ಬಾರದವರು ನೆಲ ಡೊಂಕು ಎನ್ನುವುದು ಹಳೆಯ ಮಾತು. ನೀವು ನೆಲದಿಂದ ಕ್ಷಮಾಪಣೆ ಪತ್ರ ಕೇಳಿದ್ದೀರಿ. ಆ ಪ್ರಮಾಣಪತ್ರದ ಬೆಲೆ ನಿಮಗೆ ಗೊತ್ತಿದೆಯೇ? ಒಂದು ಶಾಲೆಯವರು ಮಕ್ಕಳ ಬ್ಯಾಂಡ್ ಕಲಿಸಲು ಅವಳನ್ನು ಕರೆದಿದ್ದಾರೆ. ಅವಳು ಓದಿದ್ದು, ಬಾರಿಸಿದ್ದು, ಕನಸಿದ್ದು ಎಲ್ಲ ಈ ಒಂದು ಕೆಲಸಕ್ಕಾಗಿ. ಅವರು ಕೇಳಿರುವುದು ಅದೇ ಕಾಗದವನ್ನು.

ನೋಟಿಸಿನ ಕೆಳಗೆ ಆಧಾರವೆಂದು ಒಂದು ಹೇಳಿಕೆ ಲಗತ್ತಿಸಿದ್ದೀರಿ. ಡ್ರಮ್ಮು ಲಯ ತಪ್ಪಿದ್ದೇ ಅವಾಂತರಕ್ಕೆ ಕಾರಣ ಎಂಬ ಹೇಳಿಕೆ. ಅದಕ್ಕೆ ಬಿಳಿ ಕೋಟಿನ ಹನ್ನೊಂದು ಜನರ ಸಹಿ ಇದೆ. ಏಳನೆಯ ಸಹಿ ನನ್ನದು.

ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಓದದೆ ಹಾಕಿದೆ ಎಂದು ಹೇಳುವಂತೆಯೂ ಇಲ್ಲ. ಎರಡು ಸಲ ಓದಿದೆ. ನಿಮ್ಮ ಕಚೇರಿಯ ಆ ಉದ್ದನೆಯ ಮೇಜು, ಗಾಜಿನಡಿಯ ಹಸಿರು ಬಟ್ಟೆ, ಮುಂದೆ ಆರು ಜನ ಸಹಿ ಹಾಕಿ ಗೋಡೆಗೆ ಒರಗಿ ನಿಂತಿದ್ದರು. ನೀವು ಪೆನ್ನಿನ ಮುಚ್ಚಳ ತೆಗೆದು, ನನ್ನ ಕಡೆ ಚಾಚಿ, "ಬೇಗ, ಹಿಂದೆ ಇನ್ನೂ ನಾಲ್ಕು ಜನ ಇದಾರೆ," ಎಂದಿರಿ. ಅಷ್ಟೇ. ಬೆದರಿಕೆಯಿಲ್ಲ, ಆಮಿಷವಿಲ್ಲ. ಸಾಲು ಮುಂದೆ ಸಾಗಬೇಕಿತ್ತು, ನಾನು ಸಾಗಿದೆ. ಅನ್ಯಾಯ ಬಂದಾಗ ಅದಕ್ಕೆ ಕೋರೆಹಲ್ಲು ಇರುತ್ತದೆ, ದೂರದಿಂದಲೇ ಗುರುತು ಸಿಗುತ್ತದೆ ಎಂದುಕೊಂಡಿದ್ದೆ. ಹೀಗೆ ಪೆನ್ನು ಚಾಚಿ ಬರುತ್ತದೆ ಎಂದು ನನ್ನ ಹದಿನಾರು ಪುಟಗಳಲ್ಲಿ ಯಾರೂ ಬರೆದಿರಲಿಲ್ಲ.

ನೋಟಿಸು ಹಚ್ಚಿದ ಮರುದಿನ ಗುಡುಗಕ್ಕ ಅಂಗಡಿಗೆ ಬಂದಳು. ಪಟ್ಟಿ ಕೂರಿಸಿದ ಕೋಟನ್ನು ಒಗೆದು, ಇಸ್ತ್ರಿ ಮಾಡಿ, ಮಡಚಿ ತಂದಿದ್ದಳು. ನಾನು ಹೊಲಿಗೆ ಯಂತ್ರದ ಪಕ್ಕದಲ್ಲೇ ಇದ್ದೆ. ನನ್ನನ್ನು ನೋಡಿದಳು. ಅಮ್ಮನಿಗೆ, "ಅತ್ತೆ, ಬಟ್ಟೆ ಚೆನ್ನಾಗಿದೆ. ಬೇರೆ ಯಾರಿಗಾದ್ರೂ ಆಗುತ್ತೆ, ಇಟ್ಕೊಳ್ಳಿ," ಎಂದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಹೋದ ಮೇಲೆ ಅಮ್ಮ ಯಂತ್ರ ತುಳಿಯುವುದನ್ನು ನಿಲ್ಲಿಸಿ ಕೇಳಿದಳು: "ನಿನ್ನ ಪುಸ್ತಕದಲ್ಲಿ ಇದಕ್ಕೆ ಏನಂತ ಬರ್ದಿದಾರೋ?"

ಆ ದಿನದಿಂದ ಅಮ್ಮ ನನ್ನೊಡನೆ ಊಟಕ್ಕೆ ಕರೆಯುವಷ್ಟು ಮಾತ್ರ ಮಾತಾಡುತ್ತಿದ್ದಾಳೆ.

ಆದ್ದರಿಂದ ಮಾನ್ಯರೇ, ಈ ಪತ್ರದ ಮೂಲಕ, ಊರೆಲ್ಲ ನೋಡುವಂತೆ, ನನ್ನ ಸಹಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಆ ಹೇಳಿಕೆ ಸುಳ್ಳು, ಸುಳ್ಳೆಂದು ತಿಳಿದೇ ಸಹಿ ಹಾಕಿದೆ. ಇದಕ್ಕೆ ನನ್ನ ನಡತೆಯ ಕಾಲಂನಲ್ಲಿ ನೀವು ಏನು ಬೇಕಾದರೂ ಬರೆಯಬಹುದು. 'ತೃಪ್ತಿಕರವಲ್ಲ' ಎಂಬುದು ನನ್ನ ಮಟ್ಟಿಗೆ ನಿಜವೇ. ಉಳಿದ ಹತ್ತು ಜನರಲ್ಲಿ ಮೂವರು ತಮ್ಮ ಸಹಿ ಹಿಂದಕ್ಕೆ ಪಡೆದು ಬೇರೆ ಪತ್ರ ಕೊಟ್ಟಿದ್ದಾರೆ. ಮಿಕ್ಕವರು ಇನ್ನೂ ಯೋಚಿಸುತ್ತಿದ್ದಾರೆ. ಅವರನ್ನು ದೂರುವ ಯೋಗ್ಯತೆ ನನಗಿಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಹೊಸ ಕೋಟು ಬೇಡ, ಹಳೆಯದನ್ನೂ ಕೇಳುತ್ತಿಲ್ಲ. ನೋಟಿಸು ಇಳಿಸಿ. ಯಾವ ಹಲಗೆಗೆ ಅದನ್ನು ಹಚ್ಚಿದಿರೋ ಅದೇ ಹಲಗೆಯ ಮೇಲೆ, ಅವಳು ಲಯ ತಪ್ಪಲಿಲ್ಲ ಎಂದು ನಿಮ್ಮ ಸಹಿಯಲ್ಲಿ ಬರೆದು ಹಚ್ಚಿ. ಶುಕ್ರವಾರ ಅವಳ ಕೈಗೆ ಕಳಂಕವಿಲ್ಲದ ಪ್ರಮಾಣಪತ್ರ ಕೊಡಿ. ಕಾಗದದ ಮೇಲೆ ನಿಮಗೆ ನಂಬಿಕೆ ಬಾರದಿದ್ದರೆ ಕಾಲಿನ ಮೇಲೆ ಇಡಿ: ಅದಕ್ಕೆ ಮುಂಚಿನ ದಿನ, ಗುರುವಾರ, ಮೈದಾನಕ್ಕೆ ಬನ್ನಿ. ವ್ಯಾನು ಬೇಡ, ಧ್ವನಿವರ್ಧಕ ಬೇಡ. ಅವಳ ಪಕ್ಕದಲ್ಲಿ ನಿಂತು ಹತ್ತು ನಿಮಿಷ ಎಣಿಸಿ. ಆಮೇಲೆ ಇನ್ನೂರು ಹೆಜ್ಜೆ ದೂರ ಹೋಗಿ, ಅವಳ ಕೋಲು ಬೀಳುವುದನ್ನು ನೋಡುತ್ತಾ ಸದ್ದು ಕೇಳಿ. ತಪ್ಪು ಯಾರದೆಂದು ನಿಮ್ಮ ಕಿವಿಯೇ ಹೇಳುತ್ತದೆ.

ಒಂದು ಮಾತನ್ನು ಮುಚ್ಚಿಡಬಾರದು. ಅವಳು ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಈ ಪತ್ರದ ಮೊದಲ ಪ್ರತಿಯನ್ನು ಅವಳಿಗೇ ಕೊಟ್ಟೆ. ಬಾಗಿಲಲ್ಲೇ ನಿಂತು, ಕೊನೆಯವರೆಗೆ ಓದಿದಳು. "ಅಕ್ಷರ ದುಂಡಗಿದೆ," ಎಂದು ವಾಪಸು ಕೊಟ್ಟಳು. ಬರುತ್ತೀಯಾ ಎಂದು ಕೇಳುವ ಧೈರ್ಯ ಬರಲಿಲ್ಲ. ಬರಲೇಬೇಕೆಂದು ಯಾವ ಬಾಯಿಂದ ಹೇಳಲಿ? ಸಾಲಿನ ಹಿಂದೆ ಅವಳ ಜಾಗ ಬಿಟ್ಟು ನಿಲ್ಲುತ್ತೇವೆ. ಎಷ್ಟು ಜನ ಬರುತ್ತೇವೋ ಅಷ್ಟು ಜನ, ಅವರವರ ಮನೆಯ ಬಟ್ಟೆಯಲ್ಲಿ. ಅವಳು ಬಾರದಿದ್ದರೆ ಡ್ರಮ್ಮಿಲ್ಲದೆಯೇ ನಡೆಯುತ್ತೇವೆ. ನಮ್ಮ ಕಾಲುಗಳು ಒಂದೊಂದೂ ಒಂದೊಂದು ಹೊತ್ತಿಗೆ ಬೀಳುತ್ತವೆ. ಅದನ್ನೂ ನಿಂತು ಕೇಳಬೇಕೆಂದು ಕೋರುತ್ತೇನೆ. ಅದು ನೀವೂ ನಾವೂ ಸೇರಿ ಮಾಡಿದ ಕೆಲಸದ ಸದ್ದು.

ಕಾಲೇಜಿನ ಹಿಂದಿನ ಮೈದಾನ, ನೀರಿನ ತೊಟ್ಟಿಯ ಪಕ್ಕದ ಗೇಟು. ಗುರುವಾರ ಸಂಜೆ ನಾಲ್ಕೂವರೆಗೆ. ಐದು ನಿಮಿಷ ಮುಂಚೆ ಬನ್ನಿ.

ಇಂತಿ,
ನಿಮ್ಮ ಕಡತದಲ್ಲಿರುವ ಏಳನೇ ಸಹಿಯ, ತಲೆ ತಗ್ಗಿಸಿದ ಒಡೆಯ
(ಕ್ಲಾರಿನೆಟ್, ಎರಡನೇ ಸಾಲು)